ಕೊಟ್ಟಿಗೆಯ ಹಸು, ಅಂಗಡಿಯ ಗಲ್ಲಾ

ಕನಕಪುರ ರಸ್ತೆಯ ವ್ಯಾಪಾರಕ್ಕೂ ಹಳ್ಳಿಯ ಹೈನಿಗೂ ಇರುವ ನಂಟು

ಬೆಳಗಿನ ಐದು ಗಂಟೆಗೆ ಜರಗನಹಳ್ಳಿಯ ಬಳಿ ಕನಕಪುರ ರಸ್ತೆಯಲ್ಲಿ ಮೊದಲು ತೆರೆಯುವ ಬಾಗಿಲು ಹಾಲಿನ ಮಳಿಗೆಯದು. ಮೆಟ್ರೊ ಮೇಲ್ಸೇತುವೆಯ ಕಂಬಗಳ ಪಕ್ಕದಲ್ಲಿ ಹಾಲಿನ ವಾಹನ ಬಂದು ನಿಲ್ಲುತ್ತದೆ. ಪ್ಲಾಸ್ಟಿಕ್ ಕ್ರೇಟುಗಳು ಕೆಳಗಿಳಿಯುತ್ತವೆ. ಹೋಟೆಲಿನವರು, ಚಹಾ ಅಂಗಡಿಯವರು, ಮನೆಮನೆಗೆ ಹಾಲು ಹಾಕುವ ಹುಡುಗರು ತಮ್ಮ ತಮ್ಮ ಪಾಲನ್ನು ಎತ್ತಿಕೊಂಡು ಹೋಗುತ್ತಾರೆ. ಹಾರ್ಡ್‌ವೇರ್ ಅಂಗಡಿ, ಬಟ್ಟೆ ಅಂಗಡಿ, ಲೇತ್ ಶೆಡ್ಡುಗಳ ಷಟರು ಏಳಲು ಇನ್ನೂ ನಾಲ್ಕೈದು ಗಂಟೆ ಇರುತ್ತದೆ. ಅಷ್ಟರಲ್ಲಿ ದಿನದ ಮೊದಲ ವಹಿವಾಟು ಮುಗಿದಿರುತ್ತದೆ.

ಈ ಹಾಲು ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ನಡೆದರೆ ಮೊದಲು ಡೇರಿ, ಆ ಬಳಿಕ ಟ್ಯಾಂಕರು, ಅದಕ್ಕೂ ಹಿಂದೆ ಹಾಲನ್ನು ತಂಪು ಮಾಡುವ ಕೇಂದ್ರ, ಗ್ರಾಮದ ಹಾಲು ಉತ್ಪಾದಕರ ಸಹಕಾರ ಸಂಘ, ಕೊನೆಗೆ ಒಂದೆರಡು ಹಸುಗಳಿರುವ ಕೊಟ್ಟಿಗೆ ಸಿಗುತ್ತದೆ. ಹಾಲು ಪಟ್ಟಣದತ್ತ ಬರುವಂತೆ ಹಣ ಹಳ್ಳಿಯತ್ತ ಹೋಗುತ್ತದೆ. ಆದರೆ ಆ ಹಣ ಹಳ್ಳಿಯಲ್ಲಿಯೇ ನಿಲ್ಲುವುದಿಲ್ಲ. ಹಿಂಡಿ, ಬೂಸಾ, ದಿನಸಿ, ಔಷಧ, ಬಟ್ಟೆ, ಶಾಲೆಯ ಶುಲ್ಕ, ಪಂಪಿನ ರಿಪೇರಿ ಎಂದು ಅದು ಮತ್ತೆ ಅಂಗಡಿಯ ಗಲ್ಲಾಕ್ಕೆ ಹಿಂದಿರುಗುತ್ತದೆ. ಗ್ರಾಮೀಣ ಕುಟುಂಬದಲ್ಲಿ ಹಸುವಿನ ಸ್ಥಾನವನ್ನು ಕುರಿತು ಧರ್ಮದ ದೃಷ್ಟಿಯಿಂದ, ಭಾವನೆಯ ದೃಷ್ಟಿಯಿಂದ ಸಾಕಷ್ಟು ಹೇಳಲಾಗಿದೆ. ವರ್ತಕರು ಹಾಗೂ ಸಣ್ಣ ಉದ್ಯಮಿಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ: ಹಸು ಆ ಕುಟುಂಬದ ದುಡಿಯುವ ಬಂಡವಾಳ, ಆ ಬಂಡವಾಳ ಸೊರಗಿದರೆ ಪೇಟೆಯ ವ್ಯಾಪಾರವೂ ಸೊರಗುತ್ತದೆ.

ಹಳ್ಳಿಯ ಹೆಸರು ಉಳಿದ ಊರು

ಜರಗನಹಳ್ಳಿ ಸ್ವತಃ ಒಂದು ಕಾಲದ ಬೇಸಾಯದ ಹಳ್ಳಿ. ಬೆಂಗಳೂರು ದಕ್ಷಿಣಕ್ಕೆ ಬೆಳೆದಂತೆ ಸುತ್ತಲಿನ ಹೊಲಗಳು ಬಡಾವಣೆಗಳಾದವು. ಹೆಸರಿನಲ್ಲಿ ಮಾತ್ರ ಹಳ್ಳಿ ಉಳಿಯಿತು. ಪಕ್ಕದ ಸಾರಕ್ಕಿ ಕೆರೆಯ ಅಂಗಳವೂ ಒತ್ತುವರಿಗೆ ತುತ್ತಾಗಿ, 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತವು ಕಟ್ಟಡಗಳನ್ನು ತೆರವುಗೊಳಿಸಿದ ಸುದ್ದಿ ರಾಜ್ಯದಾದ್ಯಂತ ಚರ್ಚೆಗೆ ಬಂತು. 2017ರ ಜೂನ್‌ನಲ್ಲಿ ಮೆಟ್ರೊ ಹಸಿರು ಮಾರ್ಗವು ಯಲಚೇನಹಳ್ಳಿಯವರೆಗೆ ತಲುಪಿದ ಮೇಲೆ ಈ ಭಾಗದ ನೆಲದ ಬೆಲೆಯೂ ಬಾಡಿಗೆಯೂ ಹೊಸ ಮಟ್ಟ ಮುಟ್ಟಿದವು.

ಇಷ್ಟಾದರೂ ಬೆಂಗಳೂರಿನ ಇಂಥ ಹಳೆಯ ಊರುಗಳಿಂದ ಹಸು ಪೂರ್ತಿಯಾಗಿ ಹೊರಟುಹೋಗಲಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದೊಡನೆ ಜರ್ಮನಿಯ ಕ್ಯಾಸೆಲ್ ಮತ್ತು ಗಟಿಂಗೆನ್ ವಿಶ್ವವಿದ್ಯಾಲಯಗಳ ಸಂಶೋಧಕರು ನಗರದ ಅಂಚಿನ ಬದುಕನ್ನು ಕುರಿತು ನಡೆಸಿದ ಅಧ್ಯಯನಗಳಲ್ಲಿ, ಹೊಲ ಕಳೆದುಕೊಂಡ ಮೇಲೂ ಹೈನುಗಾರಿಕೆಯನ್ನು ಬಿಡದ ಕುಟುಂಬಗಳು ದಾಖಲಾಗಿವೆ. ಕೆರೆಯಂಚಿನ ಹುಲ್ಲು, ಖಾಲಿ ನಿವೇಶನಗಳ ಮೇವು, ಮಾರುಕಟ್ಟೆಯಲ್ಲಿ ಉಳಿದ ಸೊಪ್ಪು, ಕೊಂಡು ತಂದ ಆಹಾರ ಇವುಗಳ ಬಲದಿಂದ ಅವರ ಕೊಟ್ಟಿಗೆಗಳು ನಡೆಯುತ್ತವೆ. ಜಮೀನು ಮಾರಿದ ಹಣ ಖರ್ಚಾಗಿ ಹೋದೀತು; ದಿನಕ್ಕೆರಡು ಬಾರಿ ಹಾಲು ಕೊಡುವ ಹಸುವನ್ನು ಬಿಡಲು ಮನೆಯವರಿಗೆ ಧೈರ್ಯ ಬರುವುದಿಲ್ಲ. ನಗರದ ಒಳಗೇ ಈ ಸ್ಥಿತಿಯಾದರೆ, ಇದೇ ರಸ್ತೆಯಲ್ಲಿ ಮುಂದೆ ಸಿಗುವ ಕಗ್ಗಲಿಪುರ, ಹಾರೋಹಳ್ಳಿ, ಕನಕಪುರದ ಕಡೆಯ ಹಳ್ಳಿಗಳಲ್ಲಿ ಹಸುವಿನ ಮಹತ್ವ ಎಷ್ಟೆಂಬುದನ್ನು ಊಹಿಸಬಹುದು.

ಆ ಸೀಮೆಯ ಸಣ್ಣ ರೈತನಿಗೆ ಮೂರು ಆದಾಯಗಳು. ಮಳೆಯನ್ನು ನಂಬಿದ ರಾಗಿ ವರ್ಷಕ್ಕೊಮ್ಮೆ ಕೈಗೆ ಬರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಮನೆಯ ಊಟಕ್ಕೇ ಆಗುತ್ತದೆ. ನೀರಿರುವವರಿಗೆ ಹಿಪ್ಪುನೇರಳೆ ತೋಟ, ರೇಷ್ಮೆ ಗೂಡು. ಅದು ವರ್ಷದಲ್ಲಿ ಹಲವು ಬೆಳೆ ಕೊಡುತ್ತದೆ, ಆದರೆ ಗೂಡಿನ ಧಾರಣೆ ಹರಾಜಿನ ದಿನದವರೆಗೂ ತಿಳಿಯುವುದಿಲ್ಲ. ಮೂರನೆಯದು ಹಾಲು. ಬೆಳಿಗ್ಗೆ ಮತ್ತು ಸಂಜೆ ಅಳತೆಯಾಗಿ, ಜಿಡ್ಡಿನಾಂಶ ಹಾಗೂ ಜಿಡ್ಡೇತರ ಘನಾಂಶದ ಆಧಾರದ ಮೇಲೆ ಬೆಲೆ ಕಟ್ಟಲ್ಪಟ್ಟು, ವಾರಕ್ಕೊಮ್ಮೆ ಇಲ್ಲವೆ ಹದಿನೈದು ದಿನಕ್ಕೊಮ್ಮೆ ಬಟವಾಡೆಯಾಗುವ ಹಣ ಇದೊಂದೇ. ದಿನಸಿ ಅಂಗಡಿಯ ಉದ್ದರಿ ಪುಸ್ತಕದಲ್ಲಿ ‘ಬಟವಾಡೆ ಆದ ಮೇಲೆ’ ಎಂಬ ಮಾತಿನ ಮೇಲೆ ನಡೆಯುವ ವ್ಯಾಪಾರವನ್ನು ಬಲ್ಲ ಯಾವ ವರ್ತಕನಿಗೂ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಎರಡು ಹಸುಗಳ ಲೆಕ್ಕ

ಈ ಬಂಡವಾಳ ಹೇಗೆ ದುಡಿಯುತ್ತದೆ ಎಂಬುದನ್ನು ಒಂದು ಉದಾಹರಣೆಯ ಲೆಕ್ಕದಿಂದ ತಿಳಿಯಬಹುದು. ಒಂದು ಮನೆಯಲ್ಲಿ ಹಾಲು ಕರೆಯುತ್ತಿರುವ ಎರಡು ಸೀಮೆ ಹಸುಗಳಿದ್ದು, ಎರಡೂ ಸೇರಿ ದಿನಕ್ಕೆ 16 ಲೀಟರ್ ಹಾಲು ಕೊಡುತ್ತವೆ ಎಂದಿಟ್ಟುಕೊಳ್ಳೋಣ. ಮನೆಗೆ 2 ಲೀಟರ್ ಉಳಿಸಿಕೊಂಡು 14 ಲೀಟರ್ ಸಂಘಕ್ಕೆ ಹಾಕಿದರೆ, ಲೀಟರಿಗೆ 35 ರೂಪಾಯಿಯಂತೆ ದಿನಕ್ಕೆ 490 ರೂಪಾಯಿ. ಹದಿನೈದು ದಿನದ ಬಟವಾಡೆಗೆ 7,350 ರೂಪಾಯಿ.

ಇನ್ನು ಖರ್ಚು. ಹಸುವಿನ ಶರೀರ ಪೋಷಣೆಗೆ ದಿನಕ್ಕೆ ಸುಮಾರು 2 ಕಿಲೋ, ಅದರ ಮೇಲೆ ಕೊಡುವ ಪ್ರತಿ ಲೀಟರ್ ಹಾಲಿಗೆ ಸುಮಾರು ಅರ್ಧ ಕಿಲೋ ಸಮತೋಲನ ಪಶು ಆಹಾರ ಬೇಕೆಂಬುದು ಸಾಮಾನ್ಯ ನಿಯಮ. ಎರಡು ಹಸುಗಳಿಗೆ 4 ಕಿಲೋ, 16 ಲೀಟರ್ ಹಾಲಿಗೆ 8 ಕಿಲೋ, ಒಟ್ಟು 12 ಕಿಲೋ. ಕಿಲೋಗೆ 25 ರೂಪಾಯಿ ಎಂದು ಹಿಡಿದರೆ 300 ರೂಪಾಯಿ. ಉಳಿಯುವುದು 190 ರೂಪಾಯಿ. ಹಸಿರು ಮೇವು, ರಾಗಿ ಹುಲ್ಲು, ಖನಿಜ ಮಿಶ್ರಣ, ವೈದ್ಯರ ಖರ್ಚು, ವಿದ್ಯುತ್ತು ಇವೆಲ್ಲವೂ ಇದರಲ್ಲಿಯೇ ಹೊರಡಬೇಕು. ಹಾಲು ಕರೆಯುವುದು, ಮೇವು ಕೊಯ್ಯುವುದು, ಸಗಣಿ ಬಾಚುವುದು, ನೀರು ಕುಡಿಸುವುದು ಸೇರಿ ಮನೆಯವರ ನಾಲ್ಕು ತಾಸಿನ ದುಡಿಮೆ ಎಂದು ಹಿಡಿದರೂ ತಾಸಿಗೆ ಐವತ್ತು ರೂಪಾಯಿ ದಕ್ಕುವುದಿಲ್ಲ. ಕೂಲಿಯಾಳಿಟ್ಟು ಎರಡು ಹಸು ಸಾಕುವುದು ಏಕೆ ಗಿಟ್ಟುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿಯೇ ಇದೆ. ಮನೆಯವರ, ಅದರಲ್ಲಿಯೂ ಮಹಿಳೆಯರ, ಲೆಕ್ಕಕ್ಕೆ ಬಾರದ ಶ್ರಮದ ಮೇಲೆ ಈ ಉದ್ಯಮ ನಿಂತಿದೆ.

ಈ ಲೆಕ್ಕದಿಂದ ವರ್ತಕರಿಗೆ ಎರಡು ಸಂಗತಿಗಳು ತಿಳಿಯುತ್ತವೆ. ಮೊದಲನೆಯದು, ಹಾಲಿನಿಂದ ಬರುವ ಪ್ರತಿ 100 ರೂಪಾಯಿಯಲ್ಲಿ 61 ರೂಪಾಯಿ ನೇರವಾಗಿ ಪಶು ಆಹಾರದ ವ್ಯಾಪಾರಕ್ಕೆ ಹಿಂದಿರುಗುತ್ತದೆ. ಎರಡನೆಯದು, ಆಹಾರದ ಬೆಲೆಯ ಸಣ್ಣ ಏರಿಕೆಯೂ ಹಾಲಿನ ದರದ ಏರಿಕೆಯನ್ನು ನುಂಗಿಬಿಡಬಲ್ಲುದು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ಮಾರಾಟ ದರವನ್ನು ಲೀಟರಿಗೆ 4 ರೂಪಾಯಿ ಏರಿಸಿದಾಗ, ಆ ಹೆಚ್ಚಳ ರೈತರಿಗೇ ಸೇರಬೇಕೆಂದು ತಿಳಿಸಲಾಯಿತು. ಮೇಲಿನ ಮನೆಯ ಲೆಕ್ಕದಲ್ಲಿ ಅದು ದಿನಕ್ಕೆ 56 ರೂಪಾಯಿಯ ಲಾಭ. ಪಶು ಆಹಾರದ ಬೆಲೆ ಕಿಲೋಗೆ 4 ರೂಪಾಯಿ 67 ಪೈಸೆ ಏರಿದರೆ ಆ ಲಾಭ ಪೂರ್ತಿಯಾಗಿ ಅಳಿಸಿಹೋಗುತ್ತದೆ. ಗ್ರಾಹಕ ಹೆಚ್ಚು ತೆತ್ತರೂ ರೈತನ ಕೈಯಲ್ಲಿ ಹೆಚ್ಚು ಉಳಿಯದಿರುವುದಕ್ಕೆ ಇದೇ ಕಾರಣ.

ಹಸು ವರ್ಷವಿಡೀ ಹಾಲು ಕೊಡುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಗರ್ಭಧಾರಣೆಯ ಅವಧಿ ಸುಮಾರು 280 ದಿನ. ಕರು ಹಾಕುವ ಎರಡು ತಿಂಗಳು ಮೊದಲೇ ಹಾಲು ಬತ್ತಿಸಬೇಕು. ಎಲ್ಲವೂ ಸರಿಯಾಗಿ ನಡೆದರೆ 305 ದಿನ ಕರಾವು, 60 ದಿನ ವಿಶ್ರಾಂತಿ, ವರ್ಷಕ್ಕೊಂದು ಕರು. ಆದರೆ ಬೆದೆ ಬಂದುದನ್ನು ಒಮ್ಮೆ ಗಮನಿಸದೆ ಹೋದರೆ ಮತ್ತೆ 21 ದಿನ ಕಾಯಬೇಕು. ಆ ದಿನಗಳಲ್ಲಿ ಹಸು ತಿನ್ನುವುದು ನಿಲ್ಲುವುದಿಲ್ಲ. ಕಾರ್ಖಾನೆಯಲ್ಲಿ ಯಂತ್ರ ಕೆಟ್ಟು ನಿಂತಾಗ ಬಾಡಿಗೆಯೂ ಬಡ್ಡಿಯೂ ಓಡುತ್ತಲೇ ಇರುವಂತೆ, ಗಬ್ಬವಾಗದೆ ನಿಂತ ಹಸುವಿನ ಖರ್ಚೂ ಓಡುತ್ತಲೇ ಇರುತ್ತದೆ.

ಸಾಲಗಾರನ ಕೈಗೆ ಸಿಗದ ಆಸ್ತಿ

ಹಸು ಕುಟುಂಬದ ಜೀವನಾಧಾರವೆಂಬುದನ್ನು ಕಾನೂನು ಸಹ ಬಹಳ ಹಿಂದೆಯೇ ಒಪ್ಪಿಕೊಂಡಿದೆ. ಹಣ ವಸೂಲಿಗಾಗಿ ನ್ಯಾಯಾಲಯದ ಮೊರೆ ಹೋದ ವರ್ತಕರಿಗೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಪರಿಚಿತವಾದುದು. ಯಾವ ಆಸ್ತಿಯನ್ನು ಜಪ್ತಿ ಮಾಡುವಂತಿಲ್ಲ ಎಂಬುದನ್ನು ಅದು ಪಟ್ಟಿ ಮಾಡುತ್ತದೆ. ಕುಶಲಕರ್ಮಿಯ ಉಪಕರಣಗಳು ಆ ಪಟ್ಟಿಯಲ್ಲಿವೆ. ಅವುಗಳ ಜತೆಗೆ, ಕೃಷಿಕನಾದರೆ ಆತನ ಬೇಸಾಯದ ಸಲಕರಣೆ, ಜೀವನೋಪಾಯಕ್ಕೆ ಅಗತ್ಯವೆಂದು ನ್ಯಾಯಾಲಯ ಭಾವಿಸುವಷ್ಟು ಜಾನುವಾರು ಹಾಗೂ ಬಿತ್ತನೆಯ ಕಾಳು ಕೂಡ ಇವೆ. ಲೇತ್ ಕೆಲಸಗಾರನಿಗೆ ಉಪಕರಣ ಹೇಗೋ ರೈತನಿಗೆ ರಾಸು ಹಾಗೆ ಎಂಬ ತಿಳಿವಳಿಕೆ ಇದರ ಹಿಂದೆ ಇದೆ.

ಈ ತಿಳಿವಳಿಕೆ ಭಾರತದ್ದು ಮಾತ್ರವಲ್ಲ. ಆಗ್ನೇಯ ಯೂರೋಪಿನ ಸರ್ಬಿಯಾ ಸಣ್ಣ ಹಿಡುವಳಿಗಳ ದೇಶ. ಅಲ್ಲಿನ ರೈತರು ಲೇವಾದೇವಿಗಾರರ ಸಾಲದಲ್ಲಿ ಮನೆಮಠ ಕಳೆದುಕೊಳ್ಳತೊಡಗಿದಾಗ, 1836ರಲ್ಲಿ ರಾಜಕುಮಾರ ಮಿಲೋಶ್ ಒಬ್ರೆನೊವಿಚ್ ಆಡಳಿತವು ಒಂದು ಆಜ್ಞೆ ಹೊರಡಿಸಿತು. ಸಾಲಕ್ಕಾಗಿ ರೈತನ ಮನೆ, ಸ್ವಲ್ಪ ಜಮೀನು, ಒಂದು ಜೊತೆ ಎತ್ತು, ಒಂದು ಹಸು ಇವುಗಳನ್ನು ಕಸಿಯಬಾರದೆಂಬುದು ಅದರ ತಿರುಳು. ಒಂದು ಕುಟುಂಬ ಬದುಕುಳಿಯಲು ಕನಿಷ್ಠ ಏನಿರಬೇಕು ಎಂದು ಎಣಿಸಿದಾಗ ಆ ಪಟ್ಟಿಯಲ್ಲಿ ಹಸು ಬಂತು. ಇಂದಿಗೂ ಸರ್ಬಿಯಾದ ಗುಡ್ಡಗಾಡಿನ ಮನೆಗಳಲ್ಲಿ ಕಾಯಿಸಿದ ಹಾಲಿನ ಕೆನೆಯನ್ನು ಪದರ ಪದರವಾಗಿ ತೆಗೆದು ಉಪ್ಪು ಬೆರೆಸಿ ‘ಕಾಯ್ಮಾಕ್’ ಎಂಬ ಪದಾರ್ಥ ಮಾಡುತ್ತಾರೆ. ಗಿಣ್ಣದ ಗಡ್ಡೆಗಳೊಡನೆ ಅದು ಪೇಟೆಗೆ ಬರುತ್ತದೆ. ಹೊಲ ಚಿಕ್ಕದಾದ ದೇಶಗಳಲ್ಲಿ ಮನೆಯ ಊಟಕ್ಕೂ ಪೇಟೆಯ ನಗದಿಗೂ ನಡುವಿನ ಸೇತುವೆ ಹಸುವೇ ಎಂಬುದು ಇದರಿಂದ ವಿದಿತವಾಗುತ್ತದೆ. ಅಲ್ಲಿಗೂ ಇಲ್ಲಿಗೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಕರ್ನಾಟಕದಲ್ಲಿ ಹಾಲನ್ನು ಕೊಳ್ಳುವ ವ್ಯವಸ್ಥೆಯೊಂದು ಹಳ್ಳಿಯ ಬಾಗಿಲಿಗೇ ಬಂದಿತು.

ಬೆಂಗಳೂರು ಕಟ್ಟಿದ ವ್ಯವಸ್ಥೆ

ಆ ವ್ಯವಸ್ಥೆಯ ಇತಿಹಾಸದಲ್ಲಿ ದಕ್ಷಿಣ ಬೆಂಗಳೂರಿಗೆ ವಿಶೇಷ ಸ್ಥಾನವಿದೆ. ಆಡುಗೋಡಿಯಲ್ಲಿ 1923ರಲ್ಲಿ ಪಶುಸಂಗೋಪನೆ ಹಾಗೂ ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಆರಂಭವಾಯಿತು. 1927ರಲ್ಲಿ ಆರೋಗ್ಯ ಸುಧಾರಣೆಗಾಗಿ ಬೆಂಗಳೂರಿನಲ್ಲಿದ್ದ ಮಹಾತ್ಮ ಗಾಂಧೀಜಿ ಅಲ್ಲಿಗೆ ಹೋಗಿ ಹಸು ಸಾಕಣೆಯ ಪಾಠ ಕಲಿತರು. ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತನೆಂದು ಬರೆದುಕೊಂಡರು. ಗೋಸೇವೆಗೆ ಭಕ್ತಿಯೊಂದೇ ಸಾಲದು, ಲೆಕ್ಕವೂ ಶಾಸ್ತ್ರವೂ ಬೇಕೆಂಬುದು ಅವರ ನಿಲುವಾಗಿತ್ತು. ಇದೇ ಸಂಸ್ಥೆ ಮುಂದೆ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಾಗಿ, 1955ರಲ್ಲಿ ಅದರ ಕೇಂದ್ರ ಕಚೇರಿ ಹರಿಯಾಣದ ಕರ್ನಾಲಿಗೆ ಹೋಯಿತು. ಆಡುಗೋಡಿ ದಕ್ಷಿಣದ ಪ್ರಾದೇಶಿಕ ಕೇಂದ್ರವಾಗಿ ಉಳಿಯಿತು.

ಅದೇ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ರಾಜ್ಯದ ಮೊದಲ ಹಾಲು ಸಹಕಾರ ಸಂಘ ತಲೆಯೆತ್ತಿತು. ಯುನಿಸೆಫ್ ನೆರವಿನಿಂದ ಕಟ್ಟಿದ ಬೆಂಗಳೂರು ಡೇರಿಯನ್ನು 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ ಉದ್ಘಾಟಿಸಿದರು. ಹೊಸೂರು ರಸ್ತೆಯ ಆ ತಿರುವಿಗೆ ಡೇರಿ ವೃತ್ತವೆಂಬ ಹೆಸರೇ ನಿಂತಿತು. 1969ರಲ್ಲಿ ಡೆನ್ಮಾರ್ಕಿನ ನೆರವಿನೊಡನೆ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ಕೇಂದ್ರ ಸ್ಥಾಪನೆಯಾದ ಮೇಲೆ ಹಳ್ಳಿಯ ಕೊಟ್ಟಿಗೆಯ ಸ್ವರೂಪವೇ ಬದಲಾಯಿತು. ಹಳ್ಳಿಕಾರ್ ಮತ್ತು ಅಮೃತಮಹಲ್ ತಳಿಗಳು ಉಳುಮೆಗೂ ಗಾಡಿಗೂ ಹೆಸರಾದವು. ಅವುಗಳ ಹಾಲು ಕರುವಿಗೂ ಮನೆಗೂ ಸಾಕಾಗುವಷ್ಟು. ಮಿಶ್ರತಳಿಯ ಸೀಮೆ ಹಸು ಬಂದ ಬಳಿಕ ಮಾರುವಷ್ಟು ಹಾಲು ಮನೆಯಲ್ಲಿ ಹುಟ್ಟಿತು. ನೇಗಿಲಿಗೆ ಎತ್ತು ಕೊಡುವ ತಾಯಿಯಾಗಿದ್ದ ಹಸು ನಗದು ತರುವ ಆಸ್ತಿಯಾಯಿತು.

ವಿಶ್ವಬ್ಯಾಂಕಿನ ನೆರವಿನ ಯೋಜನೆಗಾಗಿ 1974ರಲ್ಲಿ ಕರ್ನಾಟಕ ಹೈನು ಅಭಿವೃದ್ಧಿ ನಿಗಮ ರಚನೆಯಾಗಿ, ಗುಜರಾತಿನ ಆನಂದ್ ಮಾದರಿಯ ಸಂಘಗಳು ಹಳ್ಳಿಹಳ್ಳಿಗೆ ಹರಡಿದವು. 1984ರಲ್ಲಿ ಆ ನಿಗಮದ ಸ್ಥಾನದಲ್ಲಿ ಕರ್ನಾಟಕ ಹಾಲು ಮಹಾಮಂಡಳ ಬಂದಿತು, ‘ನಂದಿನಿ’ ಮನೆಮಾತಾಯಿತು. 2008ರಲ್ಲಿ ರಾಜ್ಯ ಸರ್ಕಾರವು ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಆರಂಭಿಸಿತು. ಮುಂದಿನ ವರ್ಷಗಳಲ್ಲಿ ಅದು 5 ರೂಪಾಯಿಗೆ ಏರಿತು. 2013ರ ಆಗಸ್ಟ್‌ನಲ್ಲಿ ಶಾಲಾ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಜಾರಿಗೆ ಬಂದು ಹೆಚ್ಚುವರಿ ಹಾಲಿಗೆ ಒಂದು ದಾರಿಯಾಯಿತು. 2024ರ ಜೂನ್ ಕೊನೆಯಲ್ಲಿ ಮಹಾಮಂಡಳದ ಒಂದು ದಿನದ ಹಾಲಿನ ಸಂಗ್ರಹ 1 ಕೋಟಿ ಲೀಟರಿನ ಗಡಿ ಮುಟ್ಟಿತು. ಅದು ದೊಡ್ಡ ಡೇರಿ ಫಾರಂಗಳಿಂದ ಬಂದ ಹಾಲಲ್ಲ. ಒಂದೆರಡು ಹಸುಗಳ ಲಕ್ಷಾಂತರ ಕೊಟ್ಟಿಗೆಗಳಿಂದ ಲೀಟರು ಲೀಟರಾಗಿ ಕೂಡಿದ್ದು.

ಈ ವ್ಯವಸ್ಥೆಯ ಬಲ ಪರೀಕ್ಷೆಗೆ ಒಳಗಾದದ್ದು 2020ರಲ್ಲಿ. ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂದು ಹೋಟೆಲು, ಮದುವೆ ಮಂಟಪ, ಸಿಹಿ ಅಂಗಡಿಗಳು ಮುಚ್ಚಿದವು. ಹಾಲಿನ ಬೇಡಿಕೆ ಕುಸಿಯಿತು. ಕಾರ್ಖಾನೆಗೆ ಬೀಗ ಹಾಕಬಹುದು, ಹಸುವಿನ ಕೆಚ್ಚಲಿಗೆ ಬೀಗ ಹಾಕಲಾಗದು. ಸಂಘಗಳು ಹಾಲು ಕೊಳ್ಳುವುದನ್ನು ಮುಂದುವರಿಸಿದವು. ಏಪ್ರಿಲ್‌ನಲ್ಲಿ ಸರ್ಕಾರವು ಬಡವರಿಗೆ ಉಚಿತವಾಗಿ ಹಾಲು ಹಂಚಿತು. ಬೇರೆಲ್ಲ ಆದಾಯ ನಿಂತ ಆ ತಿಂಗಳುಗಳಲ್ಲಿಯೂ ಹಳ್ಳಿಯ ದಿನಸಿ ಅಂಗಡಿಗಳಿಗೆ ಹಾಲಿನ ಹಣ ಬರುತ್ತಿತ್ತು.

ಹಸುವಿನ ಸುತ್ತ ಹಬ್ಬಿದ ಉದ್ಯಮ

ಒಂದು ಕೊಟ್ಟಿಗೆಗೆ ಬೇಕಾಗುವ ಸರಕುಗಳನ್ನು ಎಣಿಸಿದರೆ ಸಣ್ಣ ಉದ್ಯಮಿಗಳಿಗೆ ಇಲ್ಲಿರುವ ಅವಕಾಶ ಕಾಣುತ್ತದೆ. ಹಾಲಿನ ಕ್ಯಾನು, ಅಳತೆಯ ಪಾತ್ರೆ, ಮೇವು ಕತ್ತರಿಸುವ ಯಂತ್ರ ಮತ್ತು ಅದರ ಬ್ಲೇಡು, ಹಾಲು ಕರೆಯುವ ಯಂತ್ರ ಮತ್ತು ಅದರ ರಬ್ಬರ್ ಭಾಗಗಳು, ನೆಲಕ್ಕೆ ಹಾಸುವ ರಬ್ಬರ್ ಮ್ಯಾಟು, ನೀರಿನ ತೊಟ್ಟಿ, ಚಾವಣಿಯ ಶೀಟು, ಕೊಟ್ಟಿಗೆಯ ಪೈಪು ಹೀಗೆ ಪಟ್ಟಿ ಬೆಳೆಯುತ್ತದೆ. ಸಂಘದ ಮಟ್ಟದಲ್ಲಿ ಹಾಲು ತಂಪು ಮಾಡುವ ತೊಟ್ಟಿ, ಜಿಡ್ಡು ಪರೀಕ್ಷಿಸುವ ಉಪಕರಣ, ವಿದ್ಯುನ್ಮಾನ ತಕ್ಕಡಿ, ಜನರೇಟರು ಬೇಕು. ಇವುಗಳಲ್ಲಿ ಹೆಚ್ಚಿನವು ಪೀಣ್ಯ, ಹಾರೋಹಳ್ಳಿಯಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳು ಮಾಡಬಲ್ಲ ಸರಕುಗಳೇ. ಕೆಟ್ಟ ಯಂತ್ರವನ್ನು ಅದೇ ದಿನ ಸರಿಪಡಿಸಿಕೊಡುವ ಸೇವೆಗೆ ಹಳ್ಳಿಗಳಲ್ಲಿ ಬೆಲೆಯಿದೆ, ಏಕೆಂದರೆ ಸಂಜೆಯ ಕರಾವು ನಾಳೆಗೆ ಕಾಯುವುದಿಲ್ಲ.

ತೆರಿಗೆಯ ದೃಷ್ಟಿಯಿಂದಲೂ ಈಚಿನ ಬದಲಾವಣೆಗಳು ಗಮನಾರ್ಹ. 2022ರ ಜುಲೈ 18ರಿಂದ ಪೊಟ್ಟಣದ ಮೊಸರು, ಮಜ್ಜಿಗೆಗಳಿಗೆ ಶೇ. 5ರ ಸರಕು ಮತ್ತು ಸೇವಾ ತೆರಿಗೆ ಬಿದ್ದಿತ್ತು. 2025ರ ಸೆಪ್ಟೆಂಬರ್ 22ರಿಂದ ತುಪ್ಪ, ಬೆಣ್ಣೆ ಮತ್ತು ಚೀಸ್ ಮೇಲಿನ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿಯಿತು, ಪೊಟ್ಟಣದ ಪನೀರ್ ಹಾಗೂ ದೀರ್ಘಕಾಲ ಕೆಡದಂತೆ ಸಂಸ್ಕರಿಸಿದ ಹಾಲಿನ ಮೇಲಿನ ತೆರಿಗೆ ಪೂರ್ತಿ ರದ್ದಾಯಿತು. ಕಬ್ಬಿಣ, ಉಕ್ಕು ಮತ್ತು ಅಲ್ಯುಮಿನಿಯಂನ ಹಾಲಿನ ಕ್ಯಾನುಗಳ ತೆರಿಗೆಯೂ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ತುಪ್ಪ, ಬೆಣ್ಣೆಗಳ ಮಾರಾಟ ಹೆಚ್ಚಿದಷ್ಟೂ ಹೆಚ್ಚುವರಿ ಹಾಲನ್ನು ಪುಡಿ ಮಾಡಿ ನಷ್ಟಕ್ಕೆ ಮಾರುವ ಒತ್ತಡ ಕಡಿಮೆಯಾಗುತ್ತದೆ. ವಿದೇಶೀ ಪೈಪೋಟಿಯ ವಿಷಯದಲ್ಲಿಯೂ ಇದೇ ಚಿಂತೆ ಇತ್ತು. ಏಷ್ಯಾ–ಪೆಸಿಫಿಕ್ ರಾಷ್ಟ್ರಗಳ ಆರ್‌ಸಿಇಪಿ ಒಪ್ಪಂದದಿಂದ ಭಾರತವು 2019ರ ನವೆಂಬರ್‌ನಲ್ಲಿ ಹಿಂದೆ ಸರಿದಾಗ, ನ್ಯೂಜಿಲೆಂಡಿನ ಅಗ್ಗದ ಹಾಲಿನ ಪುಡಿಯ ಭಯ ಅದರ ಕಾರಣಗಳಲ್ಲೊಂದಾಗಿತ್ತು. ಸಾವಿರ ಹಸುಗಳ ಫಾರಂಗೂ ಎರಡು ಹಸುಗಳ ಕೊಟ್ಟಿಗೆಗೂ ಒಂದೇ ಅಂಕಣದಲ್ಲಿ ಕುಸ್ತಿ ನಡೆಯಲಾರದು.

ಬಂಡವಾಳಕ್ಕಿರುವ ಅಪಾಯ

ಜೀವವಿರುವ ಬಂಡವಾಳಕ್ಕೆ ರೋಗದ ಭಯವೂ ಉಂಟು. 2013ರಲ್ಲಿ ರಾಜ್ಯದ ದಕ್ಷಿಣ ಜಿಲ್ಲೆಗಳಲ್ಲಿ ಕಾಲುಬಾಯಿ ಜ್ವರ ಹರಡಿ ಸಾವಿರಾರು ರಾಸುಗಳು ಸತ್ತವು. 2022ರಲ್ಲಿ ಚರ್ಮಗಂಟು ರೋಗ ಬಂದಿತು. ಸತ್ತ ಹಸುವಿನ ನಷ್ಟ ಕಣ್ಣಿಗೆ ಕಾಣುತ್ತದೆ. ಬದುಕುಳಿದರೂ ಹಾಲು ಇಳಿದ ಹಸುವಿನ ನಷ್ಟ ಕಾಣುವುದಿಲ್ಲ. ಕೆಚ್ಚಲು ಬಾವು ಪ್ರತಿ ಊರಿನಲ್ಲಿಯೂ ಇರುವ ಸದ್ದಿಲ್ಲದ ಕಳ್ಳ. ಶುಚಿಯಾದ ನೆಲ, ಕರೆಯುವ ಮೊದಲು ತೊಳೆದ ಕೈ, ಕರೆದ ಬಳಿಕ ಮೊಲೆತೊಟ್ಟಿಗೆ ಹಚ್ಚುವ ಔಷಧ ಇವು ಅದನ್ನು ಬಹುಮಟ್ಟಿಗೆ ತಡೆಯಬಲ್ಲವು.

ಹಾಲು ನಿಂತ ಮುದಿ ಹಸು, ಉಳುಮೆಗೆ ಬೇಡವಾದ ಗಂಡು ಕರು ಇನ್ನೊಂದು ಸಮಸ್ಯೆ. ಹಿಂದೆ ಅವುಗಳನ್ನು ಮಾರಿ ಬಂದ ಹಣ ಹೊಸ ಹಸು ಕೊಳ್ಳುವಾಗ ಒದಗುತ್ತಿತ್ತು. 2021ರಲ್ಲಿ ಜಾರಿಗೆ ಬಂದ ಜಾನುವಾರು ವಧೆ ಪ್ರತಿಬಂಧಕ ಹಾಗೂ ಸಂರಕ್ಷಣಾ ಕಾಯ್ದೆಯ ಬಳಿಕ ಆ ಮಾರಾಟದ ದಾರಿ ಕಿರಿದಾಯಿತು. ಕಾಯ್ದೆಯ ಪರ ವಿರೋಧಗಳು ಏನೇ ಇರಲಿ, ದುಡಿಯದ ರಾಸಿನ ಮೇವಿನ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಸಣ್ಣ ಕುಟುಂಬದ ಲೆಕ್ಕದಲ್ಲಿ ಉಳಿದೇ ಇದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಮನುಷ್ಯರದು. ಹಾರೋಹಳ್ಳಿಯ ಕಾರ್ಖಾನೆಯಲ್ಲೋ ಜೆ.ಪಿ. ನಗರದ ಅಂಗಡಿಯಲ್ಲೋ ಕೆಲಸಕ್ಕೆ ಸೇರಿದ ಮಗನಿಗೆ, ಮಗಳಿಗೆ ತಾಸಿಗೆ ಐವತ್ತು ರೂಪಾಯಿಯೂ ದಕ್ಕದ ದುಡಿಮೆ ಹಿಡಿಸುವುದಿಲ್ಲ. ಹಿಡಿಸಬೇಕೆಂದು ಹೇಳುವುದೂ ನ್ಯಾಯವಲ್ಲ. ಕೊಟ್ಟಿಗೆಯ ಕೆಲಸ ಮುಂದಿನ ತಲೆಮಾರಿಗೆ ಗೌರವದ ಕೆಲಸವಾಗಬೇಕಾದರೆ ಶ್ರಮ ತಗ್ಗಬೇಕು, ಉಳಿತಾಯ ಹೆಚ್ಚಬೇಕು. ಯಂತ್ರ ಮಾಡುವವರೂ ಆಹಾರ ಮಾರುವವರೂ ಈ ಎರಡನ್ನು ಮಾಡಬಲ್ಲ ಸ್ಥಾನದಲ್ಲಿದ್ದಾರೆ.

ವರ್ತಕರ ಪಾತ್ರ

ಪಶು ಆಹಾರದ ವ್ಯಾಪಾರಿಯು ಮೊದಲು ಮಾಡಬೇಕಾದುದು ಗುಣಮಟ್ಟದ ಪಾಲನೆ. ಸಮತೋಲನ ಪಶು ಆಹಾರಕ್ಕೆ ಐಎಸ್ 2052, ಖನಿಜ ಮಿಶ್ರಣಕ್ಕೆ ಐಎಸ್ 1664 ಎಂಬ ಭಾರತೀಯ ಮಾನಕಗಳಿವೆ. ಚೀಲದ ಮೇಲೆ ಬರೆದಷ್ಟು ಸಸಾರಜನಕ ಚೀಲದ ಒಳಗೂ ಇದ್ದರೆ ಮೂರನೆಯ ದಿನಕ್ಕೇ ಹಾಲಿನಲ್ಲಿ ಅದು ಗೊತ್ತಾಗುತ್ತದೆ, ಇಲ್ಲದಿದ್ದರೂ ಗೊತ್ತಾಗುತ್ತದೆ. ಹೊಟ್ಟು, ಉಪ್ಪು ಬೆರೆಸಿ ತೂಕ ಹೆಚ್ಚಿಸಿದ ಚೀಲದಿಂದ ಒಂದು ತಿಂಗಳ ಲಾಭ ಬಂದೀತು, ಹತ್ತು ವರ್ಷದ ಗಿರಾಕಿ ಹೋದಾನು. ಯಂತ್ರ ತಯಾರಕರು ಹತ್ತು ಹಸುವಿನ ಫಾರಂ ಬದಲಿಗೆ ಎರಡು ಹಸುವಿನ ಮನೆಯನ್ನು ಕಣ್ಣ ಮುಂದಿಟ್ಟುಕೊಂಡು ಯಂತ್ರ ರೂಪಿಸಿದರೆ ಮಾರುಕಟ್ಟೆ ಎಷ್ಟೋ ಪಟ್ಟು ದೊಡ್ಡದಾಗುತ್ತದೆ. 2018–19ರಿಂದ ಕಿಸಾನ್ ಕ್ರೆಡಿಟ್ ಕಾರ್ಡಿನ ಸಾಲ ಪಶುಸಂಗೋಪನೆಗೂ ದೊರೆಯುತ್ತಿದೆ ಎಂಬುದನ್ನು ಗಿರಾಕಿಗೆ ತಿಳಿಸಿ, ಅಂಗಡಿಯ ಉದ್ದರಿಯ ಭಾರವನ್ನು ಬ್ಯಾಂಕಿಗೆ ವರ್ಗಾಯಿಸುವುದು ಎರಡೂ ಕಡೆಗೆ ಕ್ಷೇಮ.

ಹಾಲಿನ ದರದ ಚರ್ಚೆ ಬಂದಾಗ ನಗರದ ವರ್ತಕ ವರ್ಗ ಸಾಮಾನ್ಯವಾಗಿ ಗ್ರಾಹಕನ ಸ್ಥಾನದಲ್ಲಿ ನಿಂತು ಮಾತನಾಡುತ್ತದೆ. ಹೋಟೆಲಿನವರಿಗೆ ಕಾಫಿಯ ಬೆಲೆ, ಕಾರ್ಖಾನೆಯವರಿಗೆ ಕೆಲಸಗಾರರ ಚಹಾ ಖರ್ಚು ಚಿಂತೆಯ ವಿಷಯವೆಂಬುದು ನಿಜ. ಆದರೆ ಅದೇ ಲೀಟರಿನ ಬೆಲೆ ಹಳ್ಳಿಯಲ್ಲಿ ಅವರದೇ ಗಿರಾಕಿಯ ಕೊಳ್ಳುವ ಶಕ್ತಿ. ಬೆಳಗಿನ ಐದು ಗಂಟೆಗೆ ಜರಗನಹಳ್ಳಿಯಲ್ಲಿ ಇಳಿದ ಕ್ರೇಟಿನ ಹಣ ಬಟವಾಡೆಯಾಗಿ ಕಗ್ಗಲಿಪುರದ ಹಿಂಡಿ ಅಂಗಡಿಗೆ, ಕನಕಪುರದ ಬಟ್ಟೆ ಅಂಗಡಿಗೆ, ಅಲ್ಲಿಂದ ಸಗಟು ವರ್ತಕನ ಮೂಲಕ ಮತ್ತೆ ಬೆಂಗಳೂರಿಗೆ ಬಂದು ಸೇರುತ್ತದೆ. ಈ ಸುತ್ತು ಎಲ್ಲಿಯೂ ಕಡಿಯದಂತೆ ಕಾಯುವುದರಲ್ಲಿ ಹಸುವಿನ ಮನೆಯವರಿಗೆ ಎಷ್ಟು ಹಿತವಿದೆಯೋ ವರ್ತಕರಿಗೂ ಅಷ್ಟೇ ಹಿತವಿದೆ.